ನಾಲ್ಕು ಪೆನ್ಸಿಲ್‌ಗಳಲ್ಲಿ ಅಜ್ಜಿಯ ಮುಖ

ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಸುಣ್ಣದ ಬಿಳುಪಿನ ಮೇಲೆ ಕೆಮ್ಮಣ್ಣಿನ ಒಂದೇ ಬಣ್ಣದಿಂದ ಮೂಡಿದ ಕಾವಿ ಚಿತ್ರಗಳನ್ನು ನೋಡಿ ಬೆಳೆದವರಿಗೆ, ಭಾವಚಿತ್ರಕ್ಕೆ ಎಪ್ಪತ್ತೆರಡು ಬಣ್ಣದ ಪೆನ್ಸಿಲ್‌ಗಳ ಡಬ್ಬಿ ಬೇಕಿಲ್ಲವೆಂದು ಒಪ್ಪಿಸುವುದು ಕಷ್ಟವಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಅವರ ಹೆಸರಿನಲ್ಲಿ ಪ್ರಸಿದ್ಧವಾದ ತೈಲವರ್ಣದ ಕ್ರಮದಲ್ಲಿಯೂ ಓಕರ್ ಹಳದಿ, ಕೆಂಪು, ಕಪ್ಪು, ಬಿಳಿ ಎಂಬ ನಾಲ್ಕೇ ಬಣ್ಣಗಳಿವೆ. ಪೆನ್ಸಿಲ್‌ನಲ್ಲಿ ಬಿಳಿಯನ್ನು ಕಾಗದವೇ ಕೊಡುತ್ತದೆ. ಕಪ್ಪು ಪೆನ್ಸಿಲ್ ಚರ್ಮದ ಕಳೆಯನ್ನು ಕೊಲ್ಲುತ್ತದೆ. ಆದ್ದರಿಂದ ನಾನು ಯೆಲ್ಲೋ ಓಕರ್ (ಮಣ್ಣುಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್ (ಕಡುಗೆಂಪು) ಮತ್ತು ಇಂಡಿಗೋ (ಕಡುನೀಲಿ) ಇಟ್ಟುಕೊಳ್ಳುತ್ತೇನೆ.

ಅಜ್ಜಿಯನ್ನು ಜಗಲಿಯಲ್ಲಿ, ಬೆಳಕು ಒಂದೇ ಬದಿಯಿಂದ ಬೀಳುವಂತೆ ಕೂರಿಸಿರಿ. ರೇಖೆಗಳನ್ನು ಓಕರ್‌ನಿಂದಲೇ ಎಳೆಯಿರಿ, ಏಕೆಂದರೆ ಸೀಸದ ಪೆನ್ಸಿಲ್‌ನ ಗೆರೆ ಬಣ್ಣದ ಪೆನ್ಸಿಲ್‌ನ ಮೇಣದ ಪದರದಡಿ ಸಿಕ್ಕಿಬಿದ್ದರೆ ಮತ್ತೆ ಅಳಿಸಲಾಗದು. ಮೂಗಿನ ತುದಿ, ಕೆನ್ನೆಯ ಉಬ್ಬು, ಕಣ್ಣಿನ ಮಿಂಚು ಇವಿಷ್ಟನ್ನು ಬಿಟ್ಟು ಉಳಿದೆಡೆ ಓಕರ್ ಅನ್ನು, ಮೊನೆ ಚೂಪಾಗಿಟ್ಟು, ಕೈಯ ಭಾರವಷ್ಟೇ ಬೀಳುವಂತೆ ಸಣ್ಣ ಸುತ್ತುಗಳಲ್ಲಿ ತುಂಬಬೇಕು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ಕಂದು ಮೈಬಣ್ಣಕ್ಕೆ ಸಿಯೆನ್ನಾವನ್ನೇ ಒತ್ತುತ್ತಾ ಹೋದರೆ ಮುಖ ಕಿತ್ತಳೆಯಾಗುತ್ತದೆ. ಕಣ್ಣಿನ ಗುಳಿ, ಮೂಗಿನಡಿ, ಗದ್ದದ ಕೆಳಗೆ ಮೊದಲು ತೆಳುವಾಗಿ ಇಂಡಿಗೋ ಹಾಕಿ, ಅದರ ಮೇಲೆ ಸಿಯೆನ್ನಾ ಹಾಯಿಸಿದರೆ ನೆರಳಿಗೆ ಆಳ ಬರುತ್ತದೆ. ಕ್ರಿಮ್ಸನ್ ತುಟಿ, ಕಿವಿ, ಕಣ್ಣಿನ ಒಳಮೂಲೆಗೆ ಮಾತ್ರ. ಕಣ್ಣುಗುಡ್ಡೆಯ ಕಪ್ಪು ಸಿಯೆನ್ನಾ ಮತ್ತು ಇಂಡಿಗೋ ಬೆರೆತದ್ದು. ನರೆಗೂದಲಿಗೆ ಇಂಡಿಗೋದ ಕೆಲವೇ ಎಳೆಗಳು ಸಾಕು. ಮೂಗುತಿಗೆ ಸಾಸಿವೆಯಷ್ಟು ಕಾಗದವನ್ನು ಖಾಲಿ ಬಿಟ್ಟು, ಅರ್ಧಕ್ಕೆ ಓಕರ್ ಹಚ್ಚಿ, ಕೆಳಗೆ ಚರ್ಮದ ಮೇಲೆ ಇಂಡಿಗೋದ ಒಂದು ಕಿರು ನೆರಳನ್ನು ಇಟ್ಟರೆ ಅದು ಚಿನ್ನವಾಗಿ ಹೊಳೆಯುತ್ತದೆ.

ನಮ್ಮಲ್ಲಿ ಮಳೆಗಾಲವೇ ದೊಡ್ಡ ತೊಡಕು. ತೇವ ಹೀರಿದ ಕಾಗದದ, ಬಣ್ಣ ಹಿಡಿಯುವ ಒರಟು ತರಿ ಮೆತ್ತಗಾಗಿ, ನಾಲ್ಕನೆಯ ಪದರ ಕೂರುವುದೇ ಇಲ್ಲ. ಒಮ್ಮೆ ಕಾಗದವನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸಲು ಹೋಗಿ, ಹೊಗೆಯ ವಾಸನೆಯೊಂದಿಗೆ ಹಳದಿಯಾದ ಹಾಳೆಗಳನ್ನು ಇಳಿಸಿಕೊಂಡಿದ್ದೇನೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದೇ ಲೇಸು. ಮುಗಿದ ಚಿತ್ರದ ಗಾಢ ಭಾಗಗಳಲ್ಲಿ ಕೆಲವು ದಿನಗಳ ನಂತರ ಬೂಷ್ಟಿನಂತಹ ಬಿಳಿ ಪೊರೆ ಕಂಡರೆ ಗಾಬರಿಯಾಗಬೇಡಿ. ಅದು ಮೇಲೆ ಬಂದ ಮೇಣ, ಮೆತ್ತನೆಯ ಹತ್ತಿಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.