ಸೀರಿಯಲ್ ಕಾರ್ಡ್, ಮೋಡೆಮ್, ಫ್ಲೋ ಕಂಟ್ರೋಲ್: ಮೊದಲು ಕೇಬಲ್ ನೋಡಿ

ನಮ್ಮ ಆಫೀಸಿನ ಲಿನಕ್ಸ್ ಮೆಷಿನ್‌ನಲ್ಲಿ ಎಂಟು ಪೋರ್ಟಿನ ಸೀರಿಯಲ್ ಕಾರ್ಡ್ ಇದೆ, ಪೋರ್ಟಿಗೊಂದು ಮೋಡೆಮ್. ರಾತ್ರಿ ಶಾಖೆಗಳು ಡಯಲ್ ಮಾಡಿ ಲೆಕ್ಕದ ಫೈಲು ಕಳಿಸುತ್ತವೆ, ಬೆಲೆಪಟ್ಟಿ ಇಳಿಸಿಕೊಳ್ಳುತ್ತವೆ. ಇಂಥ ಕಡೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಒಂದು ಕಡೆ ತುಂಬಿದಾಗ ಇನ್ನೊಂದು ಕಡೆಯನ್ನು ತಂತಿಯ ಸಿಗ್ನಲ್‌ನಿಂದ ತಡೆಯುವ ಏರ್ಪಾಡು) ಸರಿ ಇಲ್ಲದಿದ್ದರೂ ಸಣ್ಣ ಫೈಲು ಹೋಗಿಬಿಡುತ್ತದೆ. ದೊಡ್ಡದು ಬಂದಾಗಲೇ ಮಧ್ಯೆ ಮಧ್ಯೆ ಅಕ್ಷರ ಕಳೆದುಹೋಗುವುದು.

ಕಾರಣ ಸರಳ. ಪೋರ್ಟಿನ ವೇಗ ಸೆಕೆಂಡಿಗೆ 115200 ಬಿಟ್ ಇದ್ದರೆ ಸೆಕೆಂಡಿಗೆ 11,520 ಅಕ್ಷರ ಹೋಗುತ್ತದೆ. ಎರಡೂ ಕಡೆ ಸಾದಾ ಅನಲಾಗ್ ಮೋಡೆಮ್ ಇದ್ದರೆ, ಡಬ್ಬಿ ಮೇಲೆ 56ಕೆ ಅಂತ ಬರೆದಿದ್ದರೂ ಫೋನ್ ಲೈನ್ ಸೆಕೆಂಡಿಗೆ 33,600 ಬಿಟ್ ದಾಟುವುದಿಲ್ಲ. ಹಾಗಾಗಿ ತುಂಬಿದ ಮೋಡೆಮ್ ಸಿಟಿಎಸ್ ಅನ್ನುವ ತಂತಿಯ ಸಿಗ್ನಲ್ ಇಳಿಸಿ ‘ತಡಿ’ ಅನ್ನಬೇಕು. ಕಂಪ್ಯೂಟರ್ ತುಂಬಿದರೆ ಅದು ಆರ್‌ಟಿಎಸ್ ತಂತಿಯದನ್ನು ಇಳಿಸಬೇಕು.

ಎಲ್ಲರೂ ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ. ನಾನು ಮಾತ್ರ ಕೇಬಲ್‌ನಿಂದಲೇ ಶುರು ಮಾಡಿ ಅನ್ನುತ್ತೇನೆ. ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಸಲ ಮೂರೇ ತಂತಿ: ಕಳಿಸುವುದು, ಪಡೆಯುವುದು, ಗ್ರೌಂಡ್. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ. ಕಾರ್ಡಿನ ಕಡೆ 9 ಪಿನ್, ಮೋಡೆಮ್ ಕಡೆ 25 ಪಿನ್ ಇದ್ದರೆ 7ರಿಂದ 4ಕ್ಕೆ (ಆರ್‌ಟಿಎಸ್), 8ರಿಂದ 5ಕ್ಕೆ (ಸಿಟಿಎಸ್) ಬೀಪ್ ಬರಬೇಕು. 9 ಪಿನ್ ತುದಿಯಲ್ಲೇ 7 ಮತ್ತು 8ರ ನಡುವೆ ಬೀಪ್ ಬಂದರೆ ಆ ಕೇಬಲ್ ಎಸೆಯಿರಿ. ಅದರಲ್ಲಿ ಆರ್‌ಟಿಎಸ್, ಸಿಟಿಎಸ್ ಒಳಗೇ ಜೋಡಿಸಿದ್ದಾರೆ. ಕಂಪ್ಯೂಟರಿಗೆ ತನ್ನ ಸಿಗ್ನಲ್ಲೇ ವಾಪಸ್ ಕಾಣುತ್ತದೆ, ಮೋಡೆಮ್ ಕೂಗಿದ್ದು ಕೇಳಿಸುವುದೇ ಇಲ್ಲ. ಮೀಟರ್ ಇಲ್ವಾ? ಮಿನಿಕಾಮ್ ಅನ್ನುವ ಟರ್ಮಿನಲ್ ಪ್ರೋಗ್ರಾಮಿನಲ್ಲಿ ಪೋರ್ಟ್ ತೆರೆದಿಟ್ಟು ಮೋಡೆಮ್ ಆಫ್ ಮಾಡಿ. ರೂಟ್ (ಮುಖ್ಯ ಅಡ್ಮಿನ್) ಆಗಿ /ಪ್ರಾಕ್/ಟಿಟಿವೈ/ಡ್ರೈವರ್/ಸೀರಿಯಲ್ ಫೈಲು ನೋಡಿ. ಆ ಪೋರ್ಟಿನ ಸಾಲಿನಲ್ಲಿ ಸಿಟಿಎಸ್ ಇನ್ನೂ ಕಂಡರೆ ಅದು ಮೋಡೆಮ್‌ನದ್ದಲ್ಲ.

ಆಮೇಲೆ ಮೋಡೆಮ್. ಅದರಲ್ಲೂ ಫ್ಲೋ ಕಂಟ್ರೋಲ್ ಆನ್ ಮಾಡುವ ಕಮಾಂಡ್ ಕೊಡಬೇಕು. ರಾಕ್‌ವೆಲ್ ಚಿಪ್ಪಿನದಕ್ಕೆ ಎಟಿ&ಕೆ3. ಯುಎಸ್ ರೊಬಾಟಿಕ್ಸ್‌ಗೆ ಎಟಿ&ಎಚ್1&ಆರ್2, ಜತೆಗೆ ಪೋರ್ಟ್ ವೇಗ ಬದಲಾಗದಿರಲಿ ಅಂತ &ಬಿ1. ಇವನ್ನು 115200ರಲ್ಲೇ ಕಳಿಸಿ, &ಡಬ್ಲ್ಯು ಕೊಟ್ಟು ಉಳಿಸಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಹಳೇ ಕಥೆ.

ಲಿನಕ್ಸ್‌ನಲ್ಲಿ ಕಾರ್ಡಿನ ಪೋರ್ಟ್‌ಗಳು ಸಾಮಾನ್ಯವಾಗಿ ಟಿಟಿವೈಎಸ್4ರಿಂದ ಶುರು. ಕಾಣದಿದ್ದರೆ ಕರ್ನಲ್‌ಗೆ 8250.ಎನ್‌ಆರ್_ಯುಆರ್ಟ್ಸ್=12 ಕೊಡಿ. ಪೋರ್ಟ್ ಸೆಟ್ ಮಾಡುವ ಎಸ್‌ಟಿಟಿವೈ ಕಮಾಂಡಿನಲ್ಲಿ ಸಿಆರ್‌ಟಿಎಸ್‌ಸಿಟಿಎಸ್ (ಆರ್‌ಟಿಎಸ್, ಸಿಟಿಎಸ್ ಬಳಸು ಅನ್ನುವ ಆಪ್ಷನ್) ಹಾಕಿ, ವಿಶೇಷ ಬೈಟ್ ಕಳಿಸಿ ‘ತಡಿ’, ‘ಹೋಗು’ ಅನ್ನುವ ಐಎಕ್ಸಾನ್, ಐಎಕ್ಸಾಫ್ ಎರಡನ್ನೂ ತೆಗೆಯಿರಿ. ಫೈಲಿನೊಳಗೆ 17, 19ನೇ ಬೈಟ್ ಬಂದರೆ ಅವು ಸುಮ್ನೆ ಗೊಂದಲ ಮಾಡುತ್ತವೆ. ಡಯಲ್ ಮಾಡಿ ನೆಟ್‌ವರ್ಕ್ ಜೋಡಿಸುವ ಪಿಪಿಪಿಡಿ ಪ್ರೋಗ್ರಾಮ್ ಬಳಸುವವರು ಅದರ ಆಪ್ಷನ್ ಫೈಲಿನಲ್ಲೂ ಸಿಆರ್‌ಟಿಎಸ್‌ಸಿಟಿಎಸ್ ಬರೆಯಬೇಕು.

ಈಗ ಕೇಬಲ್ ನಡುವೆ ಎಲ್‌ಇಡಿ ಇರುವ ಟೆಸ್ಟರ್ ಸಿಕ್ಕಿಸಿ, ಕಾಲ್ ಸೇರಿದ ಮೇಲೆ ಒಂದು ದೊಡ್ಡ ಜಿಪ್ ಫೈಲು ಕಳಿಸಿ. ಜಿಪ್ ಯಾಕೆ ಅಂದ್ರೆ ಮೋಡೆಮ್ ಅದನ್ನು ಮತ್ತೆ ಕುಗ್ಗಿಸಲಾರದು, ಬೇಗ ತುಂಬುತ್ತದೆ. ಸಿಟಿಎಸ್ ದೀಪ ಮಿನುಗಬೇಕು. ಒಂದೇ ಸಮನೆ ಉರಿಯುತ್ತಿದ್ದರೆ ಮತ್ತೆ ಮೋಡೆಮ್ ಸೆಟ್ಟಿಂಗ್ ನೋಡಿ.

ಮೋಡೆಮ್‌ನಿಂದ ಕಂಪ್ಯೂಟರಿಗೆ ಬರುವ ಕಡೆಯದು ಬೇರೆ ಲೆಕ್ಕ. ಅದೇ ಸೀರಿಯಲ್ ಫೈಲಿನಲ್ಲಿ ಒಇ ಅಂತ ಸಂಖ್ಯೆ ಏರುತ್ತಿದ್ದರೆ ಕಾರ್ಡಿನ ಸೀರಿಯಲ್ ಚಿಪ್ಪಿನಲ್ಲೇ ಅಕ್ಷರ ಉಕ್ಕಿ ಹೋಗುತ್ತಿದೆ. 16550ಎ ಚಿಪ್ಪಿನ ಬಫರ್ 16 ಬೈಟ್. 115200ರಲ್ಲಿ ಅದು 1.4 ಮಿಲಿಸೆಕೆಂಡಿನೊಳಗೆ ತುಂಬುತ್ತದೆ, ಆರ್‌ಟಿಎಸ್ ಇಳಿಸಲು ಕರ್ನಲ್‌ಗೆ ಪುರುಸೊತ್ತೇ ಸಿಗುವುದಿಲ್ಲ. ಎಂಟು ಪೋರ್ಟ್ ಒಂದೇ ಇಂಟರಪ್ಟ್ (ಪ್ರೊಸೆಸರನ್ನು ಕರೆಯುವ ಸಿಗ್ನಲ್) ಹಂಚಿಕೊಂಡಾಗ ಇದು ಜಾಸ್ತಿ. ವೇಗ 57600ಕ್ಕೆ ಇಳಿಸಿದರೆ ಸದ್ಯಕ್ಕೆ ನಡೆಯುತ್ತದೆ. ಕಾರ್ಡ್ ಬದಲಿಸುವುದಾದರೆ 128 ಬೈಟ್ ಬಫರ್ ಇರುವ, ಆರ್‌ಟಿಎಸ್ ತಾನೇ ಇಳಿಸಬಲ್ಲ 16950 ಚಿಪ್ಪಿನದನ್ನು ಕೇಳಿ ತನ್ನಿ.