ಟೈರ್ ಓದೋದು ಕಲಿತ ಮೇಲೆ ಕಾರು ಕೊಂಡೆ

ಮೊದಲ ಸಲ ಕಾರು ನೋಡೋಕೆ ಹೋದಾಗ ಮಾರುವವರು ಹೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸಿಕೊಂಡು ಬಂದೆ. "ಟಾರ್ಕ್ ಚೆನ್ನಾಗಿದೆ ಸರ್" ಅಂದರು, ಹೂಂ ಅಂದೆ. "ವೀಲ್‌ಬೇಸ್ ಉದ್ದ ಇದೆ" ಅಂದರು, ಅದಕ್ಕೂ ಹೂಂ. ಮನೆಗೆ ಬಂದು ಕೂತರೆ ಒಂದೂ ಅರ್ಥವಾಗಿರಲಿಲ್ಲ.

ಅರ್ಥಗಳನ್ನು ಬಾಯಿಪಾಠ ಮಾಡಲು ಹೋದೆ, ಎರಡೇ ದಿನಕ್ಕೆ ಮರೆತುಹೋಯಿತು. ಆಮೇಲೆ ದಾರಿ ಬದಲಿಸಿದೆ. ಯಾವ ಪದ ಕಿವಿಗೆ ಬಿದ್ದರೂ ಒಂದೇ ಪ್ರಶ್ನೆ: ಇದು ಕಾರಿನಲ್ಲಿ ನನಗೆ ಎಲ್ಲಿ ಗೊತ್ತಾಗುತ್ತದೆ?

ಸಿಸಿ ಸುಲಭ. ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುವ ಜಾಗದ ಒಟ್ಟು ಅಳತೆ. 1200 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಅಂದರೆ ಒಂದೊಂದರಲ್ಲಿ 300 ಮಿಲಿಲೀಟರ್ (ಒಂದು ಸಿಸಿ ಅಂದರೆ ಒಂದು ಮಿಲಿಲೀಟರ್), ಅಷ್ಟೇ. ಶಕ್ತಿಯ ಲೆಕ್ಕದಲ್ಲಿ ಮಾತ್ರ ಸ್ವಲ್ಪ ಪೇಚಾಡಿದೆ. ಒಂದು ಕಡೆ ಪಿಎಸ್, ಇನ್ನೊಂದು ಕಡೆ ಬಿಎಚ್‌ಪಿ, ಮತ್ತೊಂದು ಕಡೆ ಕಿಲೋವ್ಯಾಟ್ ಅಂತ ಬರೆದಿರುತ್ತಾರೆ. 100 ಪಿಎಸ್ ಅಂದರೆ ಸುಮಾರು 98.6 ಬಿಎಚ್‌ಪಿ, ಅಥವಾ 73.5 ಕಿಲೋವ್ಯಾಟ್. ಎಲ್ಲವನ್ನೂ ಒಂದೇ ಅಳತೆಗೆ ತಂದುಕೊಂಡ ಮೇಲೆಯೇ ಹೋಲಿಸಲು ಕೂತೆ.

ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ, ಅರ್ಥವಾಗಿದ್ದು ಪುಸ್ತಕದಿಂದ ಅಲ್ಲ, ಏರುರಸ್ತೆಯಲ್ಲಿ. ಹೆಚ್ಚುಕಮ್ಮಿ ಒಂದೇ ಶಕ್ತಿಯ ಎರಡು ಕಾರು ಓಡಿಸಿ ನೋಡಿದೆ. ಒಂದರ ಟಾರ್ಕ್ 113 ನ್ಯೂಟನ್ ಮೀಟರ್, ಅದೂ 4400 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ) ಮುಟ್ಟಿದ ಮೇಲೆ. ಇನ್ನೊಂದು ಟರ್ಬೊ, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವಂಥದ್ದು, 170 ನ್ಯೂಟನ್ ಮೀಟರ್, 1750ಕ್ಕೇ ಸಿಕ್ಕಿಬಿಡುತ್ತದೆ. ನಾಲ್ಕು ಜನ ಕೂತು ಏರು ಹತ್ತುವಾಗ ಮೊದಲನೆಯದಕ್ಕೆ ಎರಡನೇ ಗೇರಿಗೆ ಇಳಿದು ಇಂಜಿನ್ ಕಿರುಚುವ ತನಕ ಒತ್ತಬೇಕಾಯಿತು, ಎರಡನೆಯದು ಮೂರನೇ ಗೇರಿನಲ್ಲೇ ಆರಾಮಾಗಿ ಹತ್ತಿತು. ಅವತ್ತಿನಿಂದ ಎಷ್ಟು ಟಾರ್ಕ್ ಅಂತ ಕೇಳಿ ಸುಮ್ಮನಾಗುವುದಿಲ್ಲ, ಎಷ್ಟು ಆರ್‌ಪಿಎಂಗೆ ಅಂತಲೂ ಕೇಳುತ್ತೇನೆ.

"ಆಟೋಮ್ಯಾಟಿಕ್" ಅನ್ನುವುದೂ ಒಂದು ಪದವಲ್ಲ, ನಾಲ್ಕು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚು ಗೇರು ಹಾಕುವ ಕೆಲಸವನ್ನು ನಮ್ಮ ಬದಲು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಒಂದು ಸಣ್ಣ ತಡೆ ಆಗಿ ತಲೆ ಮುಂದಕ್ಕೆ ಬಾಗುತ್ತದೆ. ಸಿವಿಟಿಯಲ್ಲಿ ಮೆಟ್ಟಿಲಿನಂಥ ಗೇರ್‌ಗಳೇ ಇಲ್ಲ, ಬೆಲ್ಟು ಮತ್ತು ಅಗಲ ಬದಲಿಸುವ ಪುಲ್ಲಿಗಳು. ಇನ್ನು ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್, ಎರಡು ಕ್ಲಚ್ಚಿನ ಡಿಸಿಟಿ. ಓಡಿಸಿ ನೋಡದೆ ಇದರ ವ್ಯತ್ಯಾಸ ಯಾರು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಿಜವಾಗಿ ಏಟು ಬೀಳುತ್ತಿದ್ದದ್ದು ಸಾಲದ ಪದಗಳಲ್ಲಿ. "ಬರೀ 10 ಪರ್ಸೆಂಟ್ ಫ್ಲಾಟ್, 5 ವರ್ಷ" ಅಂದರು. ಕಡಿಮೆಯೇ ಅಲ್ವಾ ಅನ್ನಿಸಿತು. ಮನೆಯಲ್ಲಿ ಲೆಕ್ಕ ಹಾಕಿದೆ: 100ಕ್ಕೆ ವರ್ಷಕ್ಕೆ 10ರಂತೆ ಒಟ್ಟು ಬಡ್ಡಿ 50, ಅಂದರೆ 150ನ್ನು 60 ಕಂತಿನಲ್ಲಿ ತಿಂಗಳಿಗೆ 2.5ರಂತೆ ಕಟ್ಟಬೇಕು. ಆದರೆ ಪ್ರತಿ ಕಂತಿಗೂ ಅಸಲು ಕರಗುತ್ತಾ ಬರುತ್ತದಲ್ಲ, ಕೊನೆಯ ವರ್ಷ ನನ್ನ ಹತ್ತಿರ ಉಳಿದಿರುವ ಸಾಲ ಚೂರುಪಾರು, ಬಡ್ಡಿ ಮಾತ್ರ ಇನ್ನೂ ಪೂರ್ತಿ 100ರ ಮೇಲೆ! ಉಳಿದ ಬಾಕಿಗಷ್ಟೇ ಬಡ್ಡಿ ಹಾಕುವ ಲೆಕ್ಕಕ್ಕೆ ತಂದರೆ ಇದೇ ಸಾಲ 17 ಪರ್ಸೆಂಟ್ ದಾಟುತ್ತದೆ. ಸಾಲವೇ ಬೇಡ, ಕೈಯಲ್ಲಿರುವ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಸಾಕು ಅಂತ ತೀರ್ಮಾನಿಸಿದೆ.

ಅಲ್ಲಿ ಕೆಲಸಕ್ಕೆ ಬಂದದ್ದು ಟೈರ್ ಮೇಲಿನ ಬರಹ. 205/55 ಆರ್16 91ವಿ ಅಂತ ಇತ್ತು. ಅಗಲ 205 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ 55 ಪರ್ಸೆಂಟ್, ರಿಮ್ 16 ಇಂಚು. 91 ಅಂದರೆ ಒಂದು ಟೈರ್ 615 ಕಿಲೋ ತಡೆಯುತ್ತದೆ, ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ತನಕ. ಇದರ ಪಕ್ಕದಲ್ಲಿ ಡಾಟ್ (DOT) ಅನ್ನುವ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತವೆ, ಮೊದಲೆರಡು ಅಂಕೆ ಟೈರ್ ತಯಾರಾದ ವಾರ, ಆಮೇಲಿನ ಎರಡು ಅಂಕೆ ಅದರ ವರ್ಷ.

ಕಾರು 2019ರದ್ದು, ಮೀಟರಿನಲ್ಲಿ 18 ಸಾವಿರ ಕಿಲೋಮೀಟರ್. ಬಗ್ಗಿ ನೋಡಿದರೆ ಟೈರ್ ಮೇಲೆ 2322, ಅಂದರೆ 2022ರ 23ನೇ ವಾರ. ನಾಲ್ಕೂ ಅದೇ. ಇಷ್ಟು ಕಡಿಮೆ ಓಡಿದ ಕಾರಿಗೆ ನಾಲ್ಕೂ ಟೈರ್ ಯಾಕೆ ಬದಲಾಯಿಸಿದಿರಿ ಅಂತ ಕೇಳಿದೆ. ಮಾರುವವರು ಮೊದಲು ಪಂಕ್ಚರ್ ಅಂದರು, ಆಮೇಲೆ ಹಳೆಯ ಮಾಲೀಕರಿಗೆ ಗೊತ್ತು ಅಂದರು. ಸರ್ವಿಸ್ ದಾಖಲೆ ಕೇಳಿದ್ದಕ್ಕೆ ಕಳೆದುಹೋಗಿದೆ ಅಂದರು. ಮೀಟರ್ ಹಿಂದಕ್ಕೆ ತಿರುಗಿಸಿರಬಹುದು ಅನ್ನಿಸಿ ಎದ್ದು ಬಂದೆ.

ಮುಂದಿನ ತಿಂಗಳು ಕೊಂಡ ಕಾರು 61 ಸಾವಿರ ಓಡಿತ್ತು, ಒಂದೊಂದು ಸರ್ವಿಸಿಗೂ ಚೀಟಿ ಇತ್ತು. ನಾಲ್ಕು ಟೈರೂ ಹೊಸದೇ, ಬಿಲ್ಲೂ ಸಿಕ್ಕಿತು. ಸ್ಟೆಪ್ನಿ ಮಾತ್ರ ಕಾರಿನಷ್ಟೇ ಹಳೆಯದು, ಅದನ್ನು ತೋರಿಸಿ ಸ್ವಲ್ಪ ಚೌಕಾಸಿ ಮಾಡಿದೆ.