ಚಳಿಗಾಲದ ವಾಕಿಂಗ್: ಸ್ವೆಟರಿಗಿಂತ ಮೊದಲು ಪಾದ

ಹಿಮ ಬೀಳುವ ಊರಿನಲ್ಲಿ ವಯಸ್ಸಾದವರು ಚಳಿಗಾಲದಲ್ಲಿ ವಾಕಿಂಗ್ ಹೊರಟರೆ ಮನೆಯವರೆಲ್ಲ ಸ್ವೆಟರು, ಮಫ್ಲರು, ಟೋಪಿ ಹುಡುಕಲು ಶುರುಮಾಡುತ್ತಾರೆ. ಅವು ಬೇಕೇ ಬೇಕು. ಆದರೆ ನನ್ನ ತಯಾರಿ ಕೆಳಗಿನಿಂದ ಮೇಲಕ್ಕೆ: ಮೊದಲು ನೆಲ, ಆಮೇಲೆ ಪಾದ, ಕೊನೆಗೆ ಮೈ. ಈ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಸುಲಭವಲ್ಲ.

ಬೆಳಗಿನ ಜಾವದ ನಡಿಗೆಯನ್ನು ಚಳಿಗಾಲ ಮುಗಿಯುವವರೆಗೆ ಬಿಟ್ಟುಬಿಡುತ್ತೇನೆ. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿರುತ್ತದೆ. ಗಾಳಿಯಾಡದ ದಿನಗಳಲ್ಲಿ ಹೊಗೆ, ದೂಳು ಎಲ್ಲ ನೆಲದ ಮಟ್ಟದಲ್ಲೇ ನಿಂತಿರುತ್ತವೆ. ಬೆಳಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ ಹೋಗಿ ಬಂದರೆ ಎರಡೂ ಬಹುಮಟ್ಟಿಗೆ ತಪ್ಪುತ್ತವೆ, ಕಣ್ಣಿಗೂ ಬೆಳಕು ಸಾಕಾಗುತ್ತದೆ.

ಕಣ್ಣಿಗೆ ಕಾಣುವ ಹಿಮಕ್ಕಿಂತ ಕಾಣದ ಮಂಜುಗಡ್ಡೆಯ ಪೊರೆ ಅಪಾಯ. ಡಾಂಬರಿನ ಮೇಲೆ ಅದು ನೀರು ಚೆಲ್ಲಿದ ಹಾಗೆ ಕಪ್ಪಗೆ ಮಿನುಗುತ್ತದೆ, ಅಷ್ಟೇ. ಉಷ್ಣಾಂಶ 0 ಡಿಗ್ರಿ ಆಸುಪಾಸು ಇದ್ದು ರಸ್ತೆ ಒದ್ದೆಯಾಗಿ ಕಂಡರೆ ಅದು ಮಂಜುಗಡ್ಡೆ ಎಂದೇ ತಿಳಿದು ಕಾಲಿಡುತ್ತೇನೆ. ಮೈನಸ್ 15ರಲ್ಲಿ ಕಾಲಡಿ ಕರಕರ ಎನ್ನುವ ಒಣ ಹಿಮ ಎಷ್ಟೋ ವಾಸಿ. 0 ಡಿಗ್ರಿಯ ಹತ್ತಿರ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪದರ ಇರುವುದರಿಂದ ಆಗಲೇ ಜಾರುವುದು ಹೆಚ್ಚು. ಬಿಸಿಲು ಬೀಳದ ಗೋಡೆಯ ಬದಿ, ಮರದ ನೆರಳು, ಸೇತುವೆ, ಸೂರಿನಿಂದ ನೀರು ತೊಟ್ಟಿಕ್ಕುವ ಜಾಗ, ಚರಂಡಿಯ ಕಬ್ಬಿಣದ ಮುಚ್ಚಳಗಳು: ಇವನ್ನು ತಪ್ಪಿಸಿ ಸುತ್ತಿ ಹೋಗುವುದೇ ಸರಿ.

ಬೂಟಿನ ಅಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೃದುವಾದ ರಬ್ಬರ್ ಸ್ವಲ್ಪ ತಗ್ಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನಂಥದ್ದು ಚಳಿಗೆ ಇನ್ನಷ್ಟು ಗಟ್ಟಿಯಾಗಿ, ಜಾರುತ್ತದೆ. ಅಟ್ಟೆಯ ಗೆರೆಗಳು ಆಳವಾಗಿರಬೇಕು, ಹಿಮ್ಮಡಿ ತಗ್ಗಾಗಿ ಅಗಲವಾಗಿರಬೇಕು. ಅಳತೆಯನ್ನು ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಬೇಕು, ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು. ಬಿಗಿ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಮಂಜುಗಡ್ಡೆ ಇರುವ ದಿನ ಬೂಟಿನ ಮೇಲೆ ಮುಳ್ಳುಪಟ್ಟಿ (ಅಡಿಯಲ್ಲಿ ಲೋಹದ ಮುಳ್ಳುಗಳಿರುವ ರಬ್ಬರ್ ಪಟ್ಟಿ) ಎಳೆದುಕೊಳ್ಳುತ್ತೇನೆ, ಕುರ್ಚಿಯಲ್ಲಿ ಕೂತೇ. ಇದರಲ್ಲೊಂದು ತೊಂದರೆ ಇದೆ: ಮಂಜುಗಡ್ಡೆಯಲ್ಲಿ ಕಚ್ಚಿ ಹಿಡಿಯುವ ಆ ಲೋಹದ ಮುಳ್ಳು ನಯವಾದ ಟೈಲ್ಸ್, ಕಲ್ಲುಹಾಸಿನ ಮೇಲೆ ಚಕ್ರದ ಹಾಗೆ ಜಾರುತ್ತದೆ. ಹೊಸ್ತಿಲು ದಾಟುವ ಮೊದಲೇ ಬಿಚ್ಚಬೇಕು, ಅದಕ್ಕೆ ಬಾಗಿಲ ಹೊರಗೊಂದು ಕುರ್ಚಿ ಬೇಕು.

ಊರುಗೋಲಿನ ಎತ್ತರವನ್ನು ಚಳಿಗಾಲದ ಬೂಟು ಹಾಕಿಕೊಂಡೇ ಮತ್ತೊಮ್ಮೆ ಅಳೆಯಬೇಕು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ದಪ್ಪ ಅಟ್ಟೆಯಿಂದಾಗಿ ಕೋಲು 1-2 ಸೆಂ.ಮೀ. ಗಿಡ್ಡವಾಗಿರುತ್ತದೆ. ಕೋಲು ಹಿಡಿಯುವುದು ನೋವಿರುವ ಕಾಲಿನ ಎದುರು ಕೈಯಲ್ಲಿ. ತುದಿಯ ರಬ್ಬರಿನ ಗೆರೆಗಳು ಸವೆದಿದ್ದರೆ ತಕ್ಷಣ ಹೊಸದು ಹಾಕಿಸಿ. ಮಂಜುಗಡ್ಡೆಗೆ ಮಡಚುವ ಮೊಳೆಯ ತುದಿ ಸಿಗುತ್ತದೆ, ಒಳಗೆ ಬರುವಾಗ ಅದನ್ನು ಮಡಚಬೇಕು.

ಜಾರುವ ನೆಲದಲ್ಲಿ ಹೆಜ್ಜೆಯೇ ಬೇರೆ. ಮಾಮೂಲಿ ನಡಿಗೆಯಲ್ಲಿ ಹಿಮ್ಮಡಿ ಮೊದಲು ಊರುತ್ತದೆ, ಮೈಭಾರ ಇನ್ನೂ ಹಿಂದಿರುತ್ತದೆ. ಹಿಮ್ಮಡಿ ಮುಂದಕ್ಕೆ ಜಾರಿತೆಂದರೆ ಬೆನ್ನಿನ ಮೇಲೇ ಬೀಳುವುದು. ಆದ್ದರಿಂದ ಹೆಜ್ಜೆ ಅರ್ಧಕ್ಕಿಳಿಸಿ, ಮಂಡಿ ತುಸು ಸಡಿಲಿಸಿ, ಪಾದದ ಬೆರಳುಗಳನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಇಡೀ ಅಂಗಾಲನ್ನು ಒಟ್ಟಿಗೆ ಊರುತ್ತೇನೆ. ಭಾರವೆಲ್ಲ ಮುಂದಿನ ಕಾಲಿನ ನೇರಕ್ಕೆ ಬಂದ ಮೇಲೆಯೇ ಹಿಂದಿನ ಕಾಲು ಎತ್ತುವುದು. ಕೈಗಳು ಜೇಬಿನಲ್ಲಿದ್ದರೆ ಸಮತೋಲ ತಪ್ಪಿದಾಗ ಸಾವರಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಕೈಗವಸು ಕಡ್ಡಾಯ. ಓದಲು, ದೂರ ನೋಡಲು ಎರಡಕ್ಕೂ ಆಗುವ ಕನ್ನಡಕದ ಕೆಳಭಾಗದಿಂದ ನೋಡಿದರೆ ಕಾಲಡಿಯ ನೆಲ ಮಸುಕು ಮಸುಕು. ಹೊರಗೆ ಹೋಗಲು ದೂರದೃಷ್ಟಿಗೆ ಮಾತ್ರ ಇರುವ ಇನ್ನೊಂದು ಕನ್ನಡಕ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಬಟ್ಟೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಹತ್ತಿ ಬನಿಯನ್ ಬೆವರು ಹೀರಿ ಹಾಗೇ ಒದ್ದೆಯಾಗಿ ಅಂಟಿಕೊಳ್ಳುತ್ತದೆ, ನಿಂತ ಕೂಡಲೇ ಚಳಿ ಹತ್ತುತ್ತದೆ. ಒಳಗೆ ಉಣ್ಣೆಯದೋ ಥರ್ಮಲ್ಲೋ, ನಡುವೆ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ವಯಸ್ಸಾದಂತೆ ಚಳಿ ಮೈಗೆ ತಿಳಿಯುವುದೂ ನಡುಕ ಹುಟ್ಟುವುದೂ ಕಡಿಮೆಯಾಗುತ್ತದೆ. ಆದ್ದರಿಂದ 'ನನಗೇನೂ ಚಳಿಯಿಲ್ಲ' ಎಂಬುದನ್ನು ನಂಬದೆ ಅಂಕಿ ನೋಡಿ ಹೊರಡುತ್ತೇನೆ. 0 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಅದು ಸುಮಾರು ಮೈನಸ್ 6. ಮೈನಸ್ 10ರಲ್ಲಿ ಅದೇ ಗಾಳಿ ಮೈನಸ್ 20ಕ್ಕೆ ಸಮ. ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಬೆನ್ನಿಗೆ ಗಾಳಿ ಮಾಡಿಕೊಂಡು ಬರಬೇಕು. ಬೆವೆತ ಮೈಗೆ ಎದುರುಗಾಳಿ ಬಡಿಯಬಾರದು.

ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗಿ ಬಿ.ಪಿ. ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಬಾಗಿಲು ತೆರೆದವರೇ ಬಿರುಸಾಗಿ ನಡೆಯಬೇಡಿ. ಮೊದಲು ಮನೆಯೊಳಗೆ 5 ನಿಮಿಷ ನಿಂತಲ್ಲೇ ಹೆಜ್ಜೆ ಹಾಕಿ, ಕುರ್ಚಿಯಿಂದ 10 ಸಲ ಎದ್ದು ಕೂತು, ಹೊರಗೆ ಮೊದಲ 10 ನಿಮಿಷ ನಿಧಾನ. ನಡೆಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅದಕ್ಕಿಂತ ವೇಗ ಬೇಡ. ಉಬ್ಬಸ ಇರುವವರು ಮಫ್ಲರನ್ನು ಬಾಯಿ ಮೂಗಿನ ಮೇಲೆ ಸಡಿಲವಾಗಿ ಸುತ್ತಿ ಮೂಗಿನಿಂದಲೇ ಉಸಿರಾಡಬೇಕು. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಮನೆವರೆಗೆ ನಡೆಯುವ ಪ್ರಯತ್ನ ಬೇಡವೇ ಬೇಡ. ಅಲ್ಲೇ ಕೂತು ಆಂಬುಲೆನ್ಸಿಗೆ ಫೋನ್ ಮಾಡಿ. ಹೃದಯದ ತೊಂದರೆ ಇರುವವರು ಚಳಿಗಾಲದ ಮೊದಲೇ ಡಾಕ್ಟರನ್ನು ಕೇಳಿಕೊಂಡಿರಬೇಕು. ಚಳಿಗೆ ಮೂತ್ರ ಹೆಚ್ಚು, ಬಾಯಾರಿಕೆ ಕಡಿಮೆ, ಬಿ.ಪಿ. ಮಾತ್ರೆಯೂ ಸೇರಿದರೆ ತಲೆಸುತ್ತು ಬರಬಹುದು. ಹೊರಡುವ ಮೊದಲು ಒಂದು ಲೋಟ ನೀರು.

ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಇಳಿದುಹೋಗುತ್ತದೆ. ಬಿದ್ದರೆ ನಾಚಿಕೆಗೆ ತಟ್ಟನೆ ಏಳಬಾರದು. ಒಂದು ನಿಮಿಷ ಹಾಗೇ ಇದ್ದು ಕೈಕಾಲು ಅಲ್ಲಾಡಿಸಿ ನೋಡಿ. ಸೊಂಟ, ತೊಡೆಸಂದಿಯಲ್ಲಿ ನೋವಿದ್ದರೆ ಏಳದೆ ಸಹಾಯಕ್ಕೆ ಕರೆಯಬೇಕು. ಇಲ್ಲದಿದ್ದರೆ ಪಕ್ಕಕ್ಕೆ ಹೊರಳಿ, ಅಂಬೆಗಾಲಿಗೆ ಬಂದು, ಹತ್ತಿರದ ಬೆಂಚಿನವರೆಗೆ ತೆವಳಿ, ಗಟ್ಟಿ ಕಾಲನ್ನು ಮುಂದೂರಿ ಏಳುವುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟು ಬಿದ್ದರೆ, ಆರಾಮಾಗಿದ್ದೇವೆ ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ಮನೆಗೆ ಬಂದ ಮೇಲೆ, ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರು, ಬೆರಳುಗಳನ್ನು ಬೆಳಕಿನಲ್ಲಿ ನೋಡಬೇಕು. ಮರಗಟ್ಟಿ ಬಿಳಿಚಿದ ಪಾದವನ್ನು ಹೀಟರಿನ ಮುಂದೆ ಹಿಡಿಯಬೇಡಿ. ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.

ರಸ್ತೆಯೆಲ್ಲ ಗಾಜಿನಂತಾದ ದಿನ ಹೊರಗೆ ಹೋಗುವುದಿಲ್ಲ. ಅಂದು ಮನೆಯೊಳಗೇ ಸಮತೋಲದ ಅಭ್ಯಾಸ: ಅಡುಗೆಕಟ್ಟೆಯ ಪಕ್ಕ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ 10 ಹೆಜ್ಜೆ, ಆಮೇಲೆ ಒಂದೊಂದು ಕಾಲಿನ ಮೇಲೆ 10 ಸೆಕೆಂಡು. ಕೈ ಕಟ್ಟೆಯನ್ನು ಹಿಡಿದಿರುವುದಿಲ್ಲ, ಅದರ ಮೇಲೆ ಒಂದಂಗುಲ ಎತ್ತರದಲ್ಲಿ ಸಿದ್ಧವಾಗಿರುತ್ತದೆ.